ಉಡಿ ತುಂಬಿದ ಮೇಲೆ ಹೊಳ್ಳಬಾರದು

ಅತ್ತೆಯ ಬಿ.ಪಿ. ನೋಡದೆ ಸೊಸೆಯ ಕಾಯಿಲೆ ಗೊತ್ತಾಗುವುದಿಲ್ಲ. ಇದು ಯಾವ ವೈದ್ಯಕೀಯ ಪುಸ್ತಕದಲ್ಲೂ ಬರೆದಿಲ್ಲ. ಹಳ್ಳಿಗಳ ಪಡಸಾಲೆಯಲ್ಲಿ ಕುಳಿತು, ಬೇಡವೆಂದರೂ ಬಿಡದೆ ಕೊಡುವ ಸಕ್ಕರೆ ಚಹಾ ಕುಡಿದು ಕುಡಿದು ನಾವೇ ಕಲಿತದ್ದು.

ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ, ಈ ನಾಲ್ಕು ತಾಲ್ಲೂಕುಗಳಲ್ಲಿ ನಮ್ಮ ಮೆಡಿಕಲ್ ಕಾಲೇಜಿನ ಮಹಿಳಾ ಆರೋಗ್ಯ ಘಟಕದವರು ಒಂದು ಅಧ್ಯಯನ ಹಿಡಿದಿದ್ದೆವು. ಮಕ್ಕಳು ಇನ್ನೂ ಪ್ರಾಥಮಿಕ ಶಾಲೆಯಲ್ಲಿರುವ ವಯಸ್ಸಿಗೇ ಹೆಂಗಸರು ಗರ್ಭಕೋಶ ತೆಗೆಸಿಕೊಳ್ಳುತ್ತಿದ್ದಾರಲ್ಲ, ಯಾಕೆ? ತೆಗೆಸಿದ ಮೇಲೆ ಅವರ ಮೈಗೆ ಏನಾಗುತ್ತದೆ? ಇಷ್ಟೇ ಪ್ರಶ್ನೆ. ಇಲ್ಲಿ ಯಾರೂ ಗರ್ಭಕೋಶ ಎನ್ನುವುದಿಲ್ಲ, ಚೀಲ ಎನ್ನುತ್ತಾರೆ. ‘ಚೀಲ ತಗಸೇವ್ರಿ’ ಎಂದು ಹುಳುಕು ಹಲ್ಲು ಕೀಳಿಸಿಕೊಂಡಷ್ಟು ಹಗುರವಾಗಿ ಹೇಳುತ್ತಾರೆ. ನಾನು ಘಟಕದ ಸ್ತ್ರೀರೋಗ ವೈದ್ಯೆ. ವಿದ್ಯಾರ್ಥಿಗಳಿಗೆ ಪಾಠ ಹೇಳುವುದು ಅರ್ಧ ಕೆಲಸ, ಹಳ್ಳಿ ತಿರುಗುವುದು ಇನ್ನರ್ಧ. ತವರು ರಾಮದುರ್ಗ, ಕೊಟ್ಟ ಮನೆ ಬೈಲಹೊಂಗಲ. ಹಾಗಾಗಿ ಈ ಸೀಮೆಯ ಹೆಂಗಸರ ಬಾಯಿ ಬಿಡಿಸುವುದು ನನಗೇನು ಹೊಸದೇ ಅಂದುಕೊಂಡಿದ್ದೆ. ಸೊಕ್ಕು, ಮತ್ತೇನು.

ಮೊದಲ ಕೆಲವು ವಾರ ನಮಗೆ ಸಿಕ್ಕ ಉತ್ತರಗಳೆಲ್ಲ ಅತ್ತೆಯಂದಿರವು. ಸೊಸೆಗೆ “ಬಿಳಿ ಹೋಗತೈತೇನವಾ?” ಎಂದು ಕೇಳಿದರೆ, ಪಕ್ಕದಲ್ಲಿ ಕೂತ ಅತ್ತೆ, “ಆಕಿಗೇನಾಗೇತ್ರಿ, ಗಟ್ಟಿ ಅದಾಳ” ಎನ್ನುವುದು. ಆ ಉತ್ತರಗಳನ್ನು ನಂಬಿದ್ದರೆ ನಾಲ್ಕು ತಾಲ್ಲೂಕಿನಲ್ಲಿ ಒಬ್ಬ ಹೆಂಗಸಿಗೂ ಸೊಂಟ ನೋವಿಲ್ಲ ಎಂದು ವರದಿ ಬರೆಯಬೇಕಾಗಿತ್ತು. ಕೊನೆಗೆ ನಾನೂ ನಮ್ಮ ಘಟಕದ ನರ್ಸ್ ಸಿಸ್ಟರೂ ಒಂದು ಉಪಾಯ ಹೂಡಿದೆವು. ಹೋದ ಕೂಡಲೇ ಸಿಸ್ಟರ್ ಅತ್ತೆಯನ್ನು ಪಡಸಾಲೆಯಲ್ಲಿ ಕೂರಿಸಿ ತೋಳಿಗೆ ಬಿ.ಪಿ. ಪಟ್ಟಿ ಸುತ್ತುವುದು. “ಮಾತಾಡಬ್ಯಾಡ್ರಿ ಅವ್ವಾರ, ಮಾತಾಡಿದ್ರ ಬಿ.ಪಿ. ಹೆಚ್ಚ ತೋರಸತೈತಿ.” ಸುಳ್ಳಲ್ಲ, ನಿಯಮವೇ ಹಾಗಿದೆ. ಒಮ್ಮೆ ನೋಡಿ, ಸ್ವಲ್ಪ ಸುಮ್ಮನೆ ಕೂರಿಸಿ, ಇನ್ನೊಮ್ಮೆ ನೋಡಬೇಕು. ಅಷ್ಟರಲ್ಲಿ ನಾನು ಸೊಸೆಯನ್ನು ಹಿತ್ತಲಿಗೋ ದನದ ಕೊಟ್ಟಿಗೆಗೋ ಕರೆದುಕೊಂಡು ಹೋಗಿ ಕೇಳುವುದು. ಹಾಗೆ ಕೇಳತೊಡಗಿದ ಮೇಲೆ ನಮ್ಮ ಅಧ್ಯಯನ ನಿಜವಾಗಿ ಶುರುವಾಯಿತು.

ಸವದತ್ತಿ ಕಡೆ, ಯರಗಟ್ಟಿಯಿಂದ ಒಳಕ್ಕೆ ಹೋಗುವ ಒಂದು ಹಳ್ಳಿ. ಒಂದು ರೈತರ ಮನೆ, ಅತ್ತೆ, ಇಬ್ಬರು ಗಂಡುಮಕ್ಕಳು, ಇಬ್ಬರು ಸೊಸೆಯಂದಿರು. ಜೋಳದ ರಾಶಿ ಮುಗಿದಿತ್ತು, ಬಿಸಿಲು ಜೋರಿತ್ತು. ಅತ್ತೆ ದೊಡ್ಡ ಗಂಟಲಿನ, ಗಟ್ಟಿ ಕಚ್ಚೆಯ ಹೆಂಗಸು. ನಾನು ಒಳಗೆ ಕಾಲಿಡುತ್ತಲೇ ನನ್ನ ಕೊರಳು ನೋಡಿದಳು.

“ತಾಳಿ ಕಾಣವೊಲ್ಲದು. ಮನಿಯವರು?”

“ತೀರಿಕೊಂಡಾರ್ರಿ, ಭಾಳ ವರ್ಷ ಆತು.”

“ಅಯ್ಯ ಪಾಪ” ಎಂದಳು. ಆದರೆ ಆಮೇಲೆ ಕುಂಕುಮದ ಬಟ್ಟಲು ಹೊರಗೆ ತಂದು ಸಿಸ್ಟರ್‌ಗೆ ಮಾತ್ರ ಹಚ್ಚಿದಳು. ನನಗೆ ಇದು ರೂಢಿ. ಈ ಸೀಮೆಯಲ್ಲಿ ಎಷ್ಟು ಹೆರಿಗೆ ಮಾಡಿಸಿದರೂ ವಿಧವೆಗೆ ಕುಂಕುಮವಿಲ್ಲ, ಉಡಿ ತುಂಬುವುದಿಲ್ಲ. ಸಿಟ್ಟು ಬರುವುದಿಲ್ಲವೇ ಎಂದರೆ, ಬರುತ್ತದೆ. ಚಹಾ ಜೊತೆ ನುಂಗುತ್ತೇನೆ.

ಅತ್ತೆಯ ತೋಳಿಗೆ ಪಟ್ಟಿ ಬಿತ್ತು. ಕಿರಿ ಸೊಸೆ ನನ್ನನ್ನು ಕೊಟ್ಟಿಗೆಗೆ ಕರೆದೊಯ್ದು ಗೋಣಿಚೀಲ ಹಾಸಿದಳು. ಮೂವತ್ತಾಗಿರಲಿಲ್ಲ. ಮುಖ ಬಿಳಿಚಿಕೊಂಡಿತ್ತು, ಕೆಳರೆಪ್ಪೆ ಎಳೆದು ನೋಡಿದರೆ ರಕ್ತದ ಕೆಂಪೇ ಇಲ್ಲ.

“ಬರೂ ಸೋಮವಾರ ಚೀಲ ತಗಸತೇವ್ರಿ ಬಾಯಾರ” ಎಂದಳು. “ಸೋಮವಾರ ಎತ್ತು ಹೂಡಂಗಿಲ್ಲಲ್ರಿ, ಮನ್ಯಾಗ ಗಂಡಸರು ಖಾಲಿ ಇರತಾರ.”

“ಯಾರು ತಗಸಂದ್ರು?”

“ಪ್ಯಾಟ್ಯಾಗ ನರ್ಸಿಂಗ್ ಹೋಮ್ ಡಾಕ್ಟರ್. ಚೀಲ ಕೊಳತೈತಿ, ಇಟಗೊಂಡ್ರ ಕ್ಯಾನ್ಸರ್ ಆಗತೈತಿ ಅಂದ್ರು.”

“ಮಲಗಿಸಿ, ಒಳಗ ಬೆಳಕು ಬಿಟ್ಟು ನೋಡಿದ್ರೇನು?”

“ಇಲ್ರಿ. ಹೊಟ್ಟಿ ಮ್ಯಾಲೆ ಮಿಷನ್ ಆಡಿಸಿದ್ರು, ಅಷ್ಟ. ಒಳಗ ಯಾರೂ ನೋಡಿಲ್ಲ.”

ನನ್ನ ತಲೆ ಬಿಸಿಯಾಯಿತು. ನೋಡದೆಯೇ ಕೊಳೆತಿದೆ ಎನ್ನಲು ಅದೇನು ಸಂತೆಯ ಬದನೆಕಾಯಿಯೇ? ಪರೀಕ್ಷೆ ಮಾಡಿಸದೆ ತೆಗೆಸಬೇಡ, ನೆಗಡಿ ಬಂತೆಂದು ಮೂಗು ಕೊಯ್ದುಕೊಳ್ಳುತ್ತಾರೇನು ಎಂದು ಒಂದೇ ಉಸಿರಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ ಸೆರಗು ಸರಿ ಮಾಡಿಕೊಂಡು ನನಗೇ ಪ್ರಶ್ನೆ ಹಾಕಿದಳು.

“ತಿಂಗಳಿಗೆ ಹೊರಗಾದ್ರ ಎಂಟೆಂಟು ದಿನಾ ಹೋಗತೈತ್ರಿ. ಕಳೆ ತಗಿಯಾಕ ಹೋದ್ರ ಹೊಲದಾಗ ಬಟ್ಟಿ ಬದಲಿ ಮಾಡಾಕ ಒಂದ ಗಿಡದ ಮರೆ ಇರಂಗಿಲ್ಲ. ಸೊಂಟ ಮುರದ ಹೋಗತೈತಿ. ನೀವು ತಗಸಬ್ಯಾಡ ಅಂದು ಗಾಡಿ ಹತ್ತಿ ಹೋಗತೀರಿ. ನನ್ನ ತ್ರಾಸ ಯಾರು ತೊಗೋತಾರ? ನೀವು ತೊಗೋತೀರೇನು?”

ತೆಗೆಸಬೇಡ ಎನ್ನುವುದು ಸುಲಭ, ಆ ಎಂಟು ದಿನ ಅನುಭವಿಸುವವಳು ಅವಳು.

ಪಡಸಾಲೆಗೆ ಬಂದಾಗ ಅತ್ತೆಯ ಬಿ.ಪಿ. ಮುಗಿದಿತ್ತು, ಬಾಯಿ ಬಿಟ್ಟಿತ್ತು. “ಹಿರೀ ಸೊಸೀದೂ ತಗಸೇವ್ರಿ. ಆರಾಮ ಅದಾಳ, ಕೇಳ್ರಿ ಬೇಕಾರ.” ಹಿರಿ ಸೊಸೆ ಬಾಗಿಲ ಬಳಿ ಕೂತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು. ಮೂವತ್ತೈದರ ಆಸುಪಾಸು. ಏಳುವಾಗ ಗೋಡೆ ಹಿಡಿದು, ಮೊಣಕಾಲು ಹಿಡಿದು ಎದ್ದಳು. ಚೀಲದ ಜೊತೆ ಅಂಡಾಶಯಗಳನ್ನೂ ತೆಗೆದಿದ್ದರೆಂದು ಆಮೇಲೆ ಗೊತ್ತಾಯಿತು. ಅವಿಲ್ಲದೆ ಹೆಣ್ಣಿನ ಎಲುಬು ಬೇಗ ಸವೆಯುತ್ತದೆ, ಮೈಯಲ್ಲಿ ಬೆಂಕಿ ಬಿದ್ದಂತೆ ಬಿಸಿ ಏಳುತ್ತದೆ. “ಆರಾಮ ಅದೀನ್ರಿ” ಎಂದಳು ನೆಲ ನೋಡುತ್ತಾ.

ಕಾಲೇಜಿಗೆ ಬಂದು ನಮ್ಮ ವಿಭಾಗದ ಮುಖ್ಯಸ್ಥರ ಮುಂದೆ ನಿಂತೆ. ಅಧ್ಯಯನದ ನಿಯಮ ಅವರೇ ಬರೆದದ್ದು. ಯಾರಾದರೂ ಆಪರೇಷನ್ನಿಗೆ ಹೋಗುವವಳಿದ್ದರೆ ಅದನ್ನು ಗುರುತು ಹಾಕಿಕೊಳ್ಳಬೇಕು, ಆಪರೇಷನ್ ಆದ ಮೇಲೆ ಮತ್ತೆ ಹೋಗಿ ನೋಡಬೇಕು. ನಡುವೆ ಕೈ ಹಾಕಬಾರದು.

“ನಾವು ನೋಡೋರು ಡಾಕ್ಟರ್, ತಿದ್ದೋರಲ್ಲ” ಎಂದರು ಸರ್. “ನೀವು ಒಬ್ಬಾಕಿನ ತಡದ್ರ ಅಧ್ಯಯನ ಕೆಡತದ. ಖಾಸಗಿ ಡಾಕ್ಟರೆಲ್ಲ ಸೇರಿ ಕಂಪ್ಲೇಂಟ್ ಕೊಡತಾರ. ನಾಳೆ ಹಳ್ಳಿಗೆ ಕಾಲಿಡಾಕ ಬಿಡಂಗಿಲ್ಲ. ಹಾವೂ ಸಾಯಬೇಕು, ಕೋಲೂ ಮುರೀಬಾರದು, ಹಂಗ ನಡೀಬೇಕು.”

“ಇಲ್ಲಿ ಹಾವೂ ಸಾಯಂಗಿಲ್ಲ, ಕೋಲೂ ಮುರಿಯಂಗಿಲ್ಲ ಸರ್. ಸಾಯಾಕಿ ಆ ಹುಡುಗಿ.”

“ಭಾವನಾ ಬ್ಯಾರೆ, ಸಂಶೋಧನಾ ಬ್ಯಾರೆ.”

ಅವರು ಕೆಟ್ಟವರಲ್ಲ. ಈ ಅಧ್ಯಯನಕ್ಕಾಗಿ ಬಾಗಿಲು ಬಾಗಿಲು ಅಲೆದವರು, ಅದು ನಿಂತುಹೋದೀತೆಂಬ ಭಯ ಅವರಿಗೆ ನಿಜವಾಗಿಯೇ ಇತ್ತು. ಆದರೆ ನನ್ನ ಕಣ್ಣ ಮುಂದೆ ಗೋಡೆ ಹಿಡಿದು ಏಳುವ ಹಿರಿ ಸೊಸೆ ನಿಂತಿದ್ದಳು. ಸೋಮವಾರ ಕಳೆದರೆ ಕಿರಿಯವಳೂ ಹಾಗೆಯೇ ಏಳಬೇಕು. ಆಮೇಲೆ ನಾನು ಹೋಗಿ, ಈಗ ಹೇಗಿದ್ದೀಯವ್ವಾ ಎಂದು ಕೇಳಬೇಕು.

“ಹಂಗಾದ್ರ ಬರದು ಕೊಡ್ರಿ ಸರ್” ಎಂದೆ. “ಕಣ್ಣಾರೆ ನೋಡಿದ್ರೂ ಸುಮ್ಮನಿರು ಅಂತ ಒಂದು ಸಾಲು ಬರದು ಸಹಿ ಮಾಡ್ರಿ. ನಾ ಸುಮ್ಮನಿರತೇನಿ.”

ಸರ್ ಪೆನ್ನಿನ ಟೋಪಿ ತೆಗೆದರು, ಹಾಕಿದರು. ಬರೆಯಲಿಲ್ಲ. “ಹೋದ್ರ ನಿಮ್ಮ ಜವಾಬ್ದಾರಿ ಮ್ಯಾಲೆ ಹೋಗ್ರಿ” ಎಂದು ಮುಖ ತಿರುಗಿಸಿದರು. ನನಗೆ ಅಷ್ಟು ಸಾಕಾಗಿತ್ತು.

ಸೋಮವಾರ ಬೆಳಿಗ್ಗೆ ಕಾಲೇಜಿನ ಜೀಪು ಕೇಳುವ ಮುಖ ನನಗಿರಲಿಲ್ಲ. ಬಾಡಿಗೆ ಗಾಡಿ ಮಾಡಿಕೊಂಡು ಸಿಸ್ಟರ್ ಜೊತೆ ಹೊರಟೆ. ಹೋಗುವಷ್ಟರಲ್ಲಿ ತಡವಾಗಿತ್ತು. ದೇವರ ಮುಂದೆ ಮಣೆ ಹಾಕಿ ಕಿರಿ ಸೊಸೆಯನ್ನು ಕೂರಿಸಿ ಉಡಿ ತುಂಬಿ ಮುಗಿಸಿದ್ದರು. ಅವಳ ಸೆರಗಿನಲ್ಲಿ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿಣ ಬೇರು, ಹಸಿರು ಖಣ. ಅದನ್ನೆಲ್ಲ ಗಂಟು ಕಟ್ಟಿ ಸೊಂಟಕ್ಕೆ ಸಿಕ್ಕಿಸಿಕೊಂಡು ಅವಳು ಹೊಸ್ತಿಲ ಬಳಿ ನಿಂತಿದ್ದಳು. ಗಂಡ ಬಟ್ಟೆಯ ಗಂಟು ಹಿಡಿದು ಅಂಗಳದಲ್ಲಿದ್ದ. ನಾನು ಬಾಗಿಲಿಗೆ ಅಡ್ಡ ನಿಂತೆ.

“ಅತ್ತಾಗ ಸರೀರಿ ಬಾಯಾರ” ಎಂದಳು ಅತ್ತೆ. “ಉಡಿ ತುಂಬೇವಿ. ತುಂಬಿದ ಮ್ಯಾಲೆ ಹೊಳ್ಳಬಾರದು. ಹೊಳ್ಳಿದ್ರ ಮನಿಗೆ ಚಲೋ ಅಲ್ಲ.”

ಬೇರೆ ಯಾವ ಮಾತಿಗಾದರೂ ನಾನು ವಾದ ಹಾಕುತ್ತಿದ್ದೆ. ಈ ಮಾತಿಗೆ ವಾದವಿಲ್ಲ. ನಮ್ಮ ಕಡೆ ಹೆರಿಗೆಗೆ ಹೋಗುವಾಗ, ದೊಡ್ಡ ಕಾಯಿಲೆಗೆ ಆಸ್ಪತ್ರೆಗೆ ಹೊರಟಾಗ, ಉಡಿ ತುಂಬಿ ಕಳಿಸುತ್ತಾರೆ. ಹೊಳ್ಳಿದರೆ, ಅಂದರೆ ಹಿಂದಿರುಗಿ ತುಂಬಿದ ಉಡಿ ಬಿಚ್ಚಿ ಮನೆಯಲ್ಲಿ ಕೂತರೆ, ಕೇಡು ಎನ್ನುತ್ತಾರೆ. ನನ್ನ ತಾಯಿಯೂ ಹೀಗೇ ಹೇಳುತ್ತಿದ್ದಳು. ಆ ನೆನಪಾದದ್ದೇ ನನ್ನ ಪುಣ್ಯ.

“ಹೊಳ್ಳಬ್ಯಾಡ್ರಿ” ಎಂದೆ. “ಹೊಳ್ಳಂತ ನಾನೂ ಹೇಳಾಕ ಬಂದಿಲ್ಲ. ಉಡಿ ಎಲ್ಲಿಗಿ ಹೋಗಾಕ ತುಂಬೀರಿ?”

“ದವಾಖಾನಿಗಿ.”

“ನಮ್ಮದೂ ದವಾಖಾನೀನ ಅಲ್ರಿ. ಗಾಡಿ ಹೊರಗ ನಿಂತೈತಿ. ನಡೀರಿ. ಮೊದಲ ಒಳಗ ನೋಡೂಣು. ಕೊಳತಿದ್ರ ನಾನ ತಗೀತೇನಿ, ನನ್ನ ಕೈಲೆ.”

ಅತ್ತೆ ಯೋಚನೆಗೆ ಬಿದ್ದಳು. ಅವಳ ಲೆಕ್ಕದಲ್ಲಿ ನಾನು ಸುಳ್ಳು ಹೇಳಿರಲಿಲ್ಲ. ಅಂಗಳದಿಂದ ಮಗ, “ಅಲ್ಲಿ ಡಾಕ್ಟರ್ ಕಾಯಾಕತ್ತಾರ ಯವ್ವಾ, ಇದೇನ ನಾಟಕ” ಎಂದು ಗೊಣಗಿದ. ಆಗ ಬಾಗಿಲ ಬಳಿಯಿಂದ ಹಿರಿ ಸೊಸೆ ಬಾಯಿ ಬಿಟ್ಟಳು.

“ಅತ್ತಿ, ನಾ ಆರಾಮ ಇಲ್ಲ.”

ಎಲ್ಲರೂ ಅವಳ ಕಡೆ ತಿರುಗಿದೆವು.

“ಚೀಲ ತಗಸಿದಾಗಿಂದ ನಾ ಒಂದ ದಿನಾ ಆರಾಮ ಇಲ್ಲ. ಮೈ ಉರೀತೈತಿ, ಎಲುಬು ಕಡೀತಾವ. ನಿಮ್ಮ ಮುಂದ ಹೇಳಿಲ್ಲ, ಅಷ್ಟ. ಆಕಿನ್ನ ಒಮ್ಮಿ ತೋರಸ್ರಿ.”

ಅತ್ತೆ ಅವಳನ್ನು ದಿಟ್ಟಿಸಿ ನೋಡಿದಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ. ಕಿರಿ ಸೊಸೆಯ ಕಡೆ ತಿರುಗಿ, “ನೀ ಏನಂತಿಯವಾ?” ಎಂದಳು. ಆ ಮನೆಯಲ್ಲಿ ಅವಳನ್ನು ಹಾಗೆ ಕೇಳಿದ್ದು ಅದೇ ಮೊದಲಿರಬೇಕು. ಅವಳು ಸೊಂಟದ ಗಂಟನ್ನು ಇನ್ನೊಮ್ಮೆ ಬಿಗಿದುಕೊಂಡಳು.

“ಮೊದಲ ನೋಡ್ಲಿ” ಎಂದಳು. “ಆಮ್ಯಾಲೆ ತಗಸೋದೋ ಬಿಡೋದೋ ನಾ ಹೇಳತೇನಿ. ಆದ್ರ ಬಾಯಾರ, ಬಿಡಂದ್ರ ನನ್ನ ತ್ರಾಸ ನಿಮ್ಮದು.”

“ನಂದು” ಎಂದೆ.

ದಾರಿಯಲ್ಲಿ ಅತ್ತೆ, “ನಿಮ್ಮ ದೊಡ್ಡ ಡಾಕ್ಟರ್ ಸಿಟ್ಟಾಗಂಗಿಲ್ಲೇನು?” ಎಂದು ಕೇಳಿದಳು. ಬರೆದುಕೊಡಿ ಎಂದು ಕೇಳಿದ್ದು, ಅವರು ಪೆನ್ನಿನ ಟೋಪಿ ತೆಗೆದು ಹಾಕಿದ್ದು, ಎಲ್ಲ ಹೇಳಿದೆ. ಅತ್ತೆ ಬಾಯಿಗೆ ಸೆರಗು ಹಿಡಿದು ನಕ್ಕಳು. “ಬರದು ಕೊಡ ಅಂದಿ? ಭಾರೀ ಅದಿ ಬಿಡವಾ” ಎಂದಳು. ಮರ್ಯಾದೆಯ ಬಾಯಾರ ಹೋಗಿ ಅವ್ವಾ ಆಗಿದ್ದೆ.

ಒಳಪರೀಕ್ಷೆಗೆ ಹೆಚ್ಚು ಹೊತ್ತು ಬೇಡ. ಯೋನಿಯನ್ನು ಅಗಲಿಸುವ ಉಪಕರಣ ಹಾಕಿ ಬೆಳಕು ಬಿಟ್ಟು ಗರ್ಭಕೋಶದ ಕಂಠ ನೋಡಬೇಕು. ತೆಳುವಾದ ಅಸಿಟಿಕ್ ಆಮ್ಲ, ಅಂದರೆ ಉಪ್ಪಿನಕಾಯಿಗೆ ಹಾಕುವ ವಿನೆಗರಿನಂಥದ್ದು, ಅದನ್ನು ಹತ್ತಿಯಲ್ಲಿ ಅದ್ದಿ ಹಚ್ಚಿ ಒಂದು ನಿಮಿಷ ಕಾಯಬೇಕು. ಕ್ಯಾನ್ಸರಿನ ಕಡೆಗೆ ತಿರುಗುತ್ತಿರುವ ಜಾಗವಿದ್ದರೆ ಬೆಳ್ಳಗೆ ಮಚ್ಚೆ ಏಳುತ್ತದೆ. ಆ ಒಂದು ನಿಮಿಷ ನಾನು ಗಡಿಯಾರ ನೋಡುತ್ತಾ ಕಾದೆ. ನಾನೇ ತಪ್ಪಾಗಿದ್ದರೆ? ಪರದೆಯ ಆಚೆಯಿಂದ ಅತ್ತೆ, “ಕಾಣಸ್ತೇನು? ಕಾಣಸ್ತೇನು?” ಎಂದು ಪ್ರಾಣ ತಿನ್ನುತ್ತಿದ್ದಳು.

ಮಚ್ಚೆ ಏಳಲಿಲ್ಲ. ಕಂಠ ಕೆಂಪಾಗಿತ್ತು, ಸೋಂಕಿತ್ತು, ರಕ್ತ ತೀರಾ ಕಡಿಮೆ ಇತ್ತು. ಸ್ಕ್ಯಾನಿನಲ್ಲಿ ಗರ್ಭಕೋಶ, ಅಂಡಾಶಯ ಎಲ್ಲ ನೆಟ್ಟಗಿದ್ದವು. ಕೊಳೆತದ್ದು ಏನೂ ಇರಲಿಲ್ಲ. ವಾರಗಟ್ಟಲೆ ಗುಳಿಗೆ ನುಂಗಿದರೆ ಹೋಗುವ ಕಾಯಿಲೆಗೆ ಚೀಲ ಕೊಯ್ಯಲು ಹೊರಟಿದ್ದರು. ಸೋಂಕಿನ ಔಷಧ ಗಂಡನೂ ತೆಗೆದುಕೊಳ್ಳಬೇಕು, ಇಲ್ಲವಾದರೆ ಮತ್ತೆ ಬರುತ್ತದೆ ಎಂದು ಹೇಳಿದ್ದಕ್ಕೆ ಅವನು ಸಿಡಿದ.

“ಬ್ಯಾನಿ ಆಕೀದು, ಗುಳಿಗಿ ನನಗ್ಯಾಕ?”

ಅತ್ತೆ ನನ್ನ ಕೈಯಿಂದಲೇ ಗುಳಿಗೆ ಕಿತ್ತುಕೊಂಡು ಮಗನ ಅಂಗೈಗೆ ಹಾಕಿದಳು. “ನುಂಗು, ಸುಮ್ಮನ.” ನುಂಗಿದ. ಆ ಹಳ್ಳಿಯಲ್ಲಿ ಹೆಂಡತಿಯ ಕಾಯಿಲೆಗೆ ಗುಳಿಗೆ ನುಂಗಿದ ಮೊದಲ ಗಂಡಸು ಅವನೇ ಇರಬೇಕೆಂದು ಸಿಸ್ಟರ್ ಈಗಲೂ ನಗುತ್ತಾಳೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಚೆನ್ನಾಗಿತ್ತು. ಬಿಳಿ ಹೋಗುವುದು ನಿಂತಿತು, ಸೊಂಟ ನೋವು ತಗ್ಗಿತು, ಆದರೆ ಮುಂದಿನ ತಿಂಗಳು ರಕ್ತಸ್ರಾವ ಹಾಗೆಯೇ ಬಂತು. ಅವಳ ಫೋನು ಬಂತು. “ನನ್ನ ತ್ರಾಸ ನಿಮ್ಮದು ಅಂದಿದ್ದಿರಿ. ಎಲ್ಲಿ ಅದೀರಿ?” ಓಣಿಯ ಜನ, ಡಾಕ್ಟರ್‌ಬಾಯಿ ಮಾತು ಕೇಳಿ ಕೆಟ್ಟರು ಎಂದು ಆಡಿಕೊಳ್ಳುತ್ತಿದ್ದರಂತೆ. ನಾನು ಹೋದೆ. ಗರ್ಭಕೋಶದ ಒಳಗೆ ಕೂರಿಸುವ ಒಂದು ಸಣ್ಣ ಸಾಧನವಿದೆ, ಕಾಪರ್ ಟಿ ತರಹದ್ದು, ಅದರಿಂದ ಔಷಧ ನಿಧಾನವಾಗಿ ಸೋರಿ ಸ್ರಾವ ಕಡಿಮೆಯಾಗುತ್ತದೆ. ಮೊದಲ ಕೆಲವು ತಿಂಗಳು ಹನಿ ಹನಿ ಕಾಡುತ್ತದೆ ಎಂದು ಮುಚ್ಚಿಡದೆ ಹೇಳಿದೆ. ಹಾಕಿಸಿಕೊಂಡಳು. ಕಾಡಿತು. ಬೈದಳು. ಮತ್ತೆ ಹೋದೆ, ಮತ್ತೆ ಬೈದಳು. ರಕ್ತದ ಗುಳಿಗೆ ಕೊಡುತ್ತಾ, ಅವಳ ಬೈಗುಳ ತಿನ್ನುತ್ತಾ, ಹಿರಿಯವಳಿಗೆ ಎಲುಬಿನ ಔಷಧ ಶುರು ಮಾಡಿಸುತ್ತಾ ಆ ಬೇಸಿಗೆ ಕಳೆಯಿತು. ಮಳೆ ಹಿಡಿದು ಕಳೆ ತೆಗೆಯುವ ಹೊತ್ತಿಗೆ ಸ್ರಾವ ಇಳಿಯಿತು. ಒಂದು ದಿನ ಹೊಲದ ಬದುವಿನಿಂದಲೇ ಫೋನು ಮಾಡಿ, “ಬಾಯಾರ, ಕಳೆ ತಗಿಯಾಕತ್ತೀನಿ” ಎಂದಳು, ಅಷ್ಟೇ ಹೇಳಿ ಇಟ್ಟಳು. ಆ ದಿನ ತರಗತಿಯಲ್ಲಿ ವಿದ್ಯಾರ್ಥಿಗಳಿಗೆ ನಾನು ಯಾಕೆ ಅಷ್ಟು ನಗುತ್ತಿದ್ದೇನೆಂದು ತಿಳಿಯಲಿಲ್ಲ.

ಅದೇ ಹೊತ್ತಿಗೆ ಆ ನರ್ಸಿಂಗ್ ಹೋಮಿನ ಕಡೆಯಿಂದ ದೂರೂ ಬಂತು. ಬೇರೆ ವೈದ್ಯರ ರೋಗಿಯನ್ನು ದಾರಿಯಿಂದ ಎಳೆದೊಯ್ದಿದ್ದಾರೆ, ಸಂಶೋಧನೆಯ ಹೆಸರಿನಲ್ಲಿ ಧಂದೆಗೆ ಅಡ್ಡಿ ಮಾಡುತ್ತಿದ್ದಾರೆ ಎಂದು. ಸವದತ್ತಿ ಕಡೆಯ ಕೆಲಸ ನಿಲ್ಲಿಸಬೇಕೇ, ನನ್ನನ್ನು ಘಟಕದಿಂದ ತೆಗೆಯಬೇಕೇ ಎಂದು ತೀರ್ಮಾನಿಸಲು ಕಾಲೇಜಿನ ಕಮಿಟಿ ಕೂರುತ್ತದೆಂದು ಸರ್ ತಿಳಿಸಿದರು. “ಹೇಳಿದ್ದೆ ನಿಮಗ” ಎಂದರು. ಹೇಳಿದ್ದರು, ಹೌದು. ಬರೆದುಕೊಟ್ಟಿರಲಿಲ್ಲ.

ಕಮಿಟಿ ಕೂರುವ ಹಿಂದಿನ ದಿನ ಆ ಮನೆಗೆ ಹೋಗಿ ವಿಷಯ ತಿಳಿಸಿದೆ; ಇನ್ನು ಮುಂದೆ ನಾನು ಬರದಿದ್ದರೆ ಯಾರ ಬಳಿ ಹೋಗಬೇಕು ಎನ್ನುವುದನ್ನು ಹೇಳಿಡಬೇಕಿತ್ತು. ಕಿರಿ ಸೊಸೆ ಪೂರ್ತಿ ಕೇಳಿ, “ಮೀಟಿಂಗ್ ಯಾರ ಬಗ್ಗೇರಿ?” ಎಂದಳು. ನಿನ್ನ ಬಗ್ಗೆಯೇ ಎಂದೆ. “ಹಂಗಾರ ನಾ ಬರತೇನಿ” ಎಂದು ಒಳಗೆ ಹೋಗಿ ಇಳಕಲ್ ಸೀರೆ ತೆಗೆದಿಟ್ಟಳು.

ಮರುದಿನ ಬೆಳಿಗ್ಗೆ ಅವಳನ್ನು ಕರೆಯಲು ಹೋದಾಗ ದೇವರ ಮುಂದೆ ಎರಡು ಮಣೆ ಹಾಕಿದ್ದವು. ಒಂದರ ಮೇಲೆ ಅವಳು ಕೂತಿದ್ದಳು. ಹಿರಿ ಸೊಸೆ ತಟ್ಟೆ ಹಿಡಿದು ನಿಂತಿದ್ದಳು. ಅತ್ತೆ ಇನ್ನೊಂದು ಮಣೆ ತೋರಿಸಿ, “ಕುಂಡ್ರವಾ” ಎಂದಳು.

“ನನಗ ತುಂಬಬಾರದ್ರಿ ಅವ್ವಾರ” ಎಂದೆ. “ನಿಮಗ ಗೊತ್ತೈತಲ್ಲ.”

“ಯಾರು ಹೇಳ್ಯಾರ ತುಂಬಬಾರದಂತ?” ಎಂದಳು ಅತ್ತೆ, ಅಕ್ಕಿ ಬೊಗಸೆಯಲ್ಲಿ ಹಿಡಿದು. “ಹೇಳಿದವರಿಗಿ ಬರದು ಕೊಡ ಅನ್ನು.”

ಕೂತೆ. ಸೆರಗು ಒಡ್ಡಿದೆ. ಗಂಡ ಸತ್ತ ಮೇಲೆ ಆ ಸೆರಗಿಗೆ ಅಕ್ಕಿ ಬಿದ್ದಿರಲಿಲ್ಲ. ಅತ್ತಿದ್ದು ಸುಳ್ಳಲ್ಲ, ಅದನ್ನು ಇಲ್ಲಿ ಬರೆಯಲು ನಾಚಿಕೆಯೂ ಇಲ್ಲ.

ಕಮಿಟಿಯ ಕೋಣೆಯಲ್ಲಿ ಉದ್ದನೆಯ ಮೇಜಿನ ಆಚೆ ನಾಲ್ಕಾರು ಜನ, ತುದಿಯಲ್ಲಿ ನಮ್ಮ ಸರ್. ಕಿರಿ ಸೊಸೆಯನ್ನು ಹೊರಗಿನ ಬೆಂಚಿನ ಮೇಲೆ ಕೂರಲು ಹೇಳಿದ್ದರು. ನಾನು ಉಡಿಯ ಗಂಟು ಸೊಂಟಕ್ಕೆ ಸಿಕ್ಕಿಸಿಕೊಂಡೇ ಒಳಗೆ ಹೋಗಿ ನಿಂತೆ. ಅಧ್ಯಕ್ಷರು ದೂರು ಓದಿ ಮುಗಿಸಿ ಕನ್ನಡಕ ತೆಗೆದರು.

“ಒಂದೇ ಪ್ರಶ್ನೆ ಡಾಕ್ಟರ್. ಯಾರ ಅನುಮತಿ ತೊಗೊಂಡು ನೀವು ನಡುವ ಕೈ ಹಾಕಿದಿರಿ?”

ನಾನು ಬಾಯಿ ತೆರೆಯುವ ಮೊದಲೇ ಬಾಗಿಲು ತೆರೆಯಿತು. ಇಳಕಲ್ ಸೀರೆ, ತಲೆ ಮೇಲೆ ಸೆರಗು, ಉಡಿಯಲ್ಲಿ ನನ್ನಂಥದೇ ಗಂಟು. ಅವಳು ಮೇಜಿನವರೆಗೂ ನಡೆದು ಬಂದು ನನ್ನ ಪಕ್ಕಕ್ಕೆ ನಿಂತಳು.

“ನಂದ್ರಿ” ಎಂದಳು. “ನನ್ನ ಅನುಮತಿ ತೊಗೊಂಡಾರ. ಮೈ ನಂದಲ್ರಿ?”

ಮೇಜಿನ ತುದಿಯಲ್ಲಿ ನಮ್ಮ ಸರ್ ಎದ್ದು, ತಾವು ಕೂತಿದ್ದ ಕುರ್ಚಿಯನ್ನು ಎಳೆದು ತಂದು ಅವಳ ಹಿಂದೆ ಇಟ್ಟರು. “ಕುಂಡ್ರವಾ” ಎಂದರು, “ಕುಂತು ಹೇಳು.”